ಮಾಫಿ ಅರ್ಜಿಯ ಹೆಬ್ಬೆಟ್ಟು

ಹುಣಸಿದಿನ್ನಿ, ಮಾನ್ವಿ ತಾಲೂಕು
12 ನವೆಂಬರ್ 1981

ತಮ್ಮ ವೆಂಕೋಬನಿಗೆ,

ನೀನು ರಾಯಚೂರಿನಲ್ಲಿ ವಕೀಲರ ಹತ್ತಿರ ಗುಮಾಸ್ತನಾಗಿ ಸೇರಿ ಮೂರು ವರ್ಷವಾಯಿತು. ಕೋರ್ಟಿನ ವಿಷಯ ಕೇಳಿ ನಿನಗೆ ಬರೆಯುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ನಮ್ಮ ಮನೆಯವರು, ನಿನ್ನ ತಾಯಪ್ಪ ಮಾಮ, ಜೈಲಿಗೆ ಹೋಗುವ ಹಾಗಿದೆ.

ಶಂಕ್ರೆಪ್ಪ ಸಾಹುಕಾರ ಅಕ್ಕಿ ಗಿರಣಿಗೆ ಗೋಡೆ ಹಾಕಿ, ನಮ್ಮ ಓಣಿಯವರು ಹೆಣ ಒಯ್ಯುವ ದಾರಿ ಮುಚ್ಚಿದ್ದು ನಿನಗೆ ಗೊತ್ತು. ನಮ್ಮ ಅತ್ತೆ ತೀರಿಕೊಂಡಾಗ ಅರ್ಧ ಎದ್ದ ಗೋಡೆಯ ಮುಂದೆ ಚಟ್ಟ ಇಳಿಸಿ, ಆಮೇಲೆ ಕೆರೆಯ ರಾಡಿಯಲ್ಲಿ ಮೊಣಕಾಲುದ್ದ ಹೂತು ಸುತ್ತಿ ಹೋದೆವು. ನೀನೂ ಹೆಗಲು ಕೊಟ್ಟಿದ್ದೆ. ಆಮೇಲೆ ಓಣಿಯವರು ಮಾನ್ವಿ ಕೋರ್ಟಿಗೆ ದಾವೆ ಹಾಕಿ, ಒಂದು ಕಲ್ಲನ್ನೂ ಏರಿಸಬಾರದೆಂದು ತಡೆಯಾಜ್ಞೆ ತಂದರು. ಸಾಹುಕಾರ ಲೆಕ್ಕಿಸಲಿಲ್ಲ. ಆಳೆತ್ತರ ಏರಿಸಿ ಮೇಲೆ ಗಾಜಿನ ಚೂರು ಚುಚ್ಚಿಸಿದ.

ಮೊನ್ನೆ ಸೋಮವಾರ ಅದರ ವಿಚಾರಣೆ ಇತ್ತು. ಸಾಹುಕಾರ ಕೈಮುಗಿದು, "ತಿಳೀಲಾರದ ತಪ್ಪಾಗೇದ ಸ್ವಾಮಿ, ಮಾಫ್ ಮಾಡ್ರಿ" ಅಂದ. ಬರೆದೂ ಕೊಟ್ಟ. ಮುನ್ಸಿಫರು ಎಚ್ಚರಿಕೆ ಹೇಳಿ ಬಿಟ್ಟರು. ಗೋಡೆಯ ಮಾತು ದಾವೆಯ ಜೊತೆ ನೋಡೋಣ ಎಂದರು. ಅಷ್ಟಕ್ಕೆ ಹಿಂದೆ ನಿಂತಿದ್ದ ನಿನ್ನ ಮಾಮ ಕೂಗಿದರು.

"ಮಾಫಿ ಅಂದ್ರ ಗೋಡಿ ಕರಗತದೇನ್ರಿ? ನಮ್ಮವ್ವನ್ನ ರಾಡ್ಯಾಗ ಹೊತ್ತೀವಿ! ಇದು ಕೋರ್ಟೋ, ಸಾವ್ಕಾರನ ಪಡಸಾಲ್ಯೋ?"

ಪೊಲೀಸರು ಹಿಡಿದುಕೊಂಡರು. ನಡೆಯುತ್ತಿರುವ ನ್ಯಾಯಾಲಯಕ್ಕೆ ಅವಮಾನ ಮಾಡಿದ್ದಾನೆ ಎಂದು ಕೇಸಾಯಿತು. ಸಂಜೆ ಜಾಮೀನು ಸಿಕ್ಕಿದೆ. ಡಿಸೆಂಬರ್ ಮೂರಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಪೇಶಿ.

ದೇವದುರ್ಗದ ಹುಡುಗರ ಹಾಸ್ಟೆಲ್ಲಿಗೆ ಅಡುಗೆಯವರನ್ನು ಆರಿಸಿದ ಪಟ್ಟಿಯಲ್ಲಿ ನಿನ್ನ ಮಾಮನ ಹೆಸರಿದೆ. ಆರ್ಡರು ಇವತ್ತೋ ನಾಳೆಯೋ ಎಂಬಂತಿದೆ. ನಮ್ಮ ಎರಡೂ ಮನೆತನದಲ್ಲಿ ಮೊದಲ ಸರ್ಕಾರಿ ನೌಕರಿ ಅದು. ನನ್ನ ಬಾಲವಾಡಿ ಕೆಲಸಕ್ಕೆ ಸರ್ಕಾರದ ಹೆಸರಷ್ಟೇ ಇದೆ. ಶಿಕ್ಷೆಯಾದರೆ ಏನು ಗತಿ, ಬಿಚ್ಚಿ ಬರೆ.

ನಿನ್ನ ಅಕ್ಕ
ಆದೆಮ್ಮ


ರಾಯಚೂರು
18 ನವೆಂಬರ್ 1981

ಅಕ್ಕಾ,

ಪತ್ರ ಮುಟ್ಟಿತು. ನಮ್ಮ ವಕೀಲರನ್ನು ಕೇಳಿದೆ. ಇದಕ್ಕೆ ಆರು ತಿಂಗಳವರೆಗೆ ಸಾದಾ ಸಜೆ ಕೊಡಬಹುದು, ಇಲ್ಲವೇ ದಂಡ. ಆದರೆ ಮನಸ್ಸಿನಿಂದ ಕ್ಷಮೆ ಕೇಳಿದರೆ ಬಹಳ ಸಲ ಬಿಡುತ್ತಾರಂತೆ. ಹೋದ ವರ್ಷ ಮಟಮಾರಿಯ ಕಡೆಯವನೊಬ್ಬ ಕೋರ್ಟಿನಲ್ಲಿ ಚಪ್ಪಲಿ ಎತ್ತಿ ತೋರಿಸಿದ್ದ. ಮಾಫಿ ಬರೆದುಕೊಟ್ಟು ಆವತ್ತೇ ಮನೆಗೆ ಹೋದ. ಕವಿತಾಳದ ಮುದುಕನೊಬ್ಬ ಬರೀ "ಥೂ" ಅಂದಿದ್ದ. ಕ್ಷಮೆ ಕೇಳಲಿಲ್ಲ, ಒಂದು ತಿಂಗಳು ಒಳಗಿದ್ದ. ತೂಕ ನೋಡುವುದು ತಪ್ಪಿನದಲ್ಲ ಅಕ್ಕಾ, ಆಮೇಲೆ ತಲೆ ಬಾಗಿಸಿದರೋ ಇಲ್ಲವೋ ಅನ್ನುವುದರದು.

ಒಂದು ಹಾಳೆಯಲ್ಲಿ ನಾಲ್ಕು ಸಾಲು, ಕೆಳಗೆ ಮಾಮನ ಹೆಬ್ಬೆಟ್ಟು. ಮಾನ್ವಿಯ ನಿಮ್ಮ ವಕೀಲರು ಓದಿ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ಮಾತು. ಆ ದಿನ ಮಾಮನನ್ನು ಕೋರ್ಟಿಗೆ ಬಾ ಎಂದವರು ಯಾರು? ಅವರು ಕೂಲಿ ಬಿಟ್ಟು ಪೇಶಿಗೆ ಹೋಗುವವರಲ್ಲ. ಕೋರ್ಟಿನ ಗೇಟಿನಲ್ಲಿ ಅರ್ಜಿ ಬರೆಯುವ ಕುತುಬುದ್ದೀನ್ ಇದ್ದಾನಲ್ಲ, ಅವನು ನಿಮಗೂ ಬರೆಯುತ್ತಾನೆ, ಗಿರಣಿಯವರಿಗೂ ಬರೆಯುತ್ತಾನೆ. ಎರಡೂ ಕಡೆಯ ಮಸಿ ಒಂದೇ ದೌತಿಯದು. ಎಚ್ಚರವಿರಲಿ.

ವೆಂಕೋಬ


ಹುಣಸಿದಿನ್ನಿ
25 ನವೆಂಬರ್ 1981

ವೆಂಕೋಬಾ,

ನೀನು ಬರೆದದ್ದನ್ನು ನಿನ್ನ ಮಾಮನಿಗೆ ಓದಿ ಹೇಳಿದೆ.

"ಸಾವ್ಕಾರನೂ ಕೇಳ್ಯಾನ, ನೀವೂ ಕೇಳ್ರಿ. ಬಾಯಿ ಸವೀತದೇನು?" ಅಂದೆ.

"ಅಂವ ಸುಳ್ಳು ಹೇಳಿ ಮಾಫಿ ಕೇಳಿದ. ನಾ ಖರೇ ಹೇಳೀನಿ. ಖರೇ ಹೇಳಿದ್ದಕ್ಕ ಹೆಂಗ ಕೇಳ್ಲಿ?"

"ನೌಕರಿ?"

"ಗೋಡಿ ಬೀಳ್ಲಿ. ಆವತ್ತ ಕೋರ್ಟಿನ ಮೆಟ್ಟಲಿಗೆ ಹಣಿ ಹಚ್ಚಿ ಕೇಳತೀನಿ."

ಎದ್ದು ಹೋದರು. ಎರಡು ದಿನದಿಂದ ಆ ಮಾತು ಎತ್ತಿಲ್ಲ.

ಕುತುಬುದ್ದೀನ್ ವಿಷಯ ನೀನು ಹೇಳಿದ ಮೇಲೆ ನಾನೂ ಕಣ್ಣಿಟ್ಟೆ. ಮಂಗಳವಾರ ಅವರು ಗಿರಣಿಯಿಂದ ಹೊರಗೆ ಬರುತ್ತಿದ್ದುದನ್ನು ಪಕ್ಕದ ಮನೆಯ ಅಮರಮ್ಮ ಕಂಡಿದ್ದಾಳೆ. ತಲೆಯ ಮೇಲೆ ಚೀಲವಿತ್ತಂತೆ. ಪೇಶಿಗೆ ಬೇಕಾದ ಕಾಗದಗಳನ್ನೆಲ್ಲ ಬರೆದು ಕಟ್ಟು ಕಟ್ಟಿ ವಕೀಲರಿಗೆ ಮುಟ್ಟಿಸುವುದು ಅವರೇ. ಏನು ಬರೆಯುತ್ತಾರೋ ಯಾರಿಗೆ ಗೊತ್ತು.

ಹೆಬ್ಬೆಟ್ಟು ಎಡಗೈಯದೋ ಬಲಗೈಯದೋ? ನಮ್ಮ ಬಾಲವಾಡಿಯ ತಾಯಂದಿರ ಪುಸ್ತಕದಲ್ಲಿ ಒತ್ತಿಸಬೇಕಾಗಿದೆ, ಅದಕ್ಕೆ ಕೇಳಿದೆ.

ಆದೆಮ್ಮ


ರಾಯಚೂರು
28 ನವೆಂಬರ್ 1981

ಅಕ್ಕಾ,

ಗಂಡಸರದು ಎಡಗೈ, ಹೆಂಗಸರದು ಬಲಗೈ. ಮಾಮನನ್ನು ಹೇಗಾದರೂ ಒಪ್ಪಿಸು. ಪೇಶಿಗೆ ನಾನು ಬರಲು ಆಗುವುದಿಲ್ಲ, ರಜೆಯಿಲ್ಲ.

ವೆಂಕೋಬ


ಹುಣಸಿದಿನ್ನಿ
8 ಡಿಸೆಂಬರ್ 1981

ವೆಂಕೋಬಾ,

ಮೂರನೇ ತಾರೀಖು ವಕೀಲರು ಎದ್ದು ನಿಂತು, ನಮ್ಮ ಕಕ್ಷಿದಾರ ಕ್ಷಮೆ ಕೇಳಿ ಅರ್ಜಿ ಕೊಟ್ಟಿದ್ದಾನೆ ಎಂದು ಒಂದು ಹಾಳೆ ಮೇಲೆ ಕೊಟ್ಟರು. ಮ್ಯಾಜಿಸ್ಟ್ರೇಟರು ಓದಿಕೊಂಡು, ಜನವರಿ ಇಪ್ಪತ್ತಕ್ಕೆ ಹುಕುಂ ಹೇಳುತ್ತೇನೆ ಎಂದರು. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಿನ್ನ ಮಾಮನಿಗೆ ತಾರೀಖು ಮುಂದೆ ಹೋಯಿತು ಎಂಬಷ್ಟೇ ತಿಳಿಯಿತು. ಹೊರಗೆ ಬಂದಾಗ ಗಿರಣಿಯ ಮುನೀಮ ನಕ್ಕು, "ಕಡೀಕ ನೀನೂ ಮಾಫಿ ಕೇಳ್ದೆಲ್ಲೋ ತಾಯಪ್ಪ" ಅಂದನಂತೆ.

ವಕೀಲರನ್ನು ಹಿಡಿದು ಕೇಳಿದರೆ, "ಕುತುಬುದ್ದೀನನ ಕಟ್ಟಿನೊಳಗ ಇತ್ತು, ನಿನ್ನ ಹೆಬ್ಬೆಟ್ಟಿತ್ತು, ಕೊಟ್ಟೆ" ಅಂದರಂತೆ. "ನಂದಲ್ಲ" ಅಂದಿದ್ದಾರೆ ಇವರು. ವಕೀಲರು ದನಿ ತಗ್ಗಿಸಿ, "ನಿಂದಲ್ಲ ಅಂದ್ರ ಒತ್ತಿದವರನ್ನ ಹುಡುಕಿ ಜೈಲಿಗೆ ಹಾಕತಾರ. ನಾಲಿಗಿ ಬಿಗಿ ಹಿಡಿ" ಎಂದು ಕಳಿಸಿದರಂತೆ.

ಮನೆಗೆ ಬಂದು ಹೊಸ್ತಿಲ ಮೇಲೆ ಕೂತವರು ಎದ್ದಿಲ್ಲ. "ಯಾರು ಒತ್ತ್ಯಾರ ಗೊತ್ತಾಗ್ಲಿ ಮೊದ್ಲ" ಅನ್ನುತ್ತಾರೆ, ಅಷ್ಟೇ.

ಇದರ ಮೇಲೆ ನಿನ್ನೆ ದೇವದುರ್ಗದಿಂದ ನೌಕರಿಯ ಆರ್ಡರು ಬಂತು. ಕೇಸು ಇತ್ಯರ್ಥವಾದ ಮೇಲೆ ಹಾಜರಾಗಬೇಕು ಎಂದಿದೆ. ಓಣಿಯವರ ಮುಖ ನೀನು ನೋಡಬೇಕಿತ್ತು. ಸಾಹುಕಾರನ ಜೊತೆ ಒಳಗೊಳಗೇ ರಾಜಿಯಾಗಿ ನೌಕರಿ ತಗೊಂಡ ಅಂತ ಅವರ ಲೆಕ್ಕ. ಬಾವಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ. ಅಮರಮ್ಮ ಕೊಡ ಎತ್ತಿಕೊಡಲಿಲ್ಲ.

ಯಾರ ಕೆಲಸವೋ ಗೊತ್ತಿಲ್ಲ. ಎಲ್ಲರೂ ಕುತುಬುದ್ದೀನ್ ಹೆಸರು ಹೇಳುತ್ತಾರೆ.

ಆದೆಮ್ಮ


ರಾಯಚೂರು
14 ಡಿಸೆಂಬರ್ 1981

ಅಕ್ಕಾ,

ನಾನು ಮೊದಲೇ ಹೇಳಿದ್ದೆ. ಗಿರಣಿಯಿಂದ ಚೀಲ ಹೊತ್ತು ಬಂದವನು ಸುಮ್ಮನೆ ಬಂದಿರುತ್ತಾನೆಯೇ? ಮಾಮ ಕ್ಷಮೆ ಕೇಳಿದರೆ ಓಣಿಯ ಒಗ್ಗಟ್ಟು ಮುರಿಯುತ್ತದೆ, ದಾವೆ ತಾನೇ ಸಾಯುತ್ತದೆ. ಲಾಭ ಯಾರಿಗೆ ನೋಡು.

ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಮಾಮ ನಿಜವಾಗಿಯೂ ಒತ್ತಿಲ್ಲವೇ? ಒತ್ತಿ, ಜನರಿಗೆ ಅಂಜಿ ಇಲ್ಲ ಅನ್ನುತ್ತಿರಬಹುದೇ? ಪೇಶಿಯಾಗಿ ನಾಲ್ಕೇ ದಿನಕ್ಕೆ ಆರ್ಡರು ಬಂತು ಅಂದರೆ ನನಗೂ ಸರಿ ಕಾಣುತ್ತಿಲ್ಲ. ಮುಂದಿನ ವಾರ ನಮ್ಮ ವಕೀಲರ ಕೆಲಸದ ಮೇಲೆ ಮಾನ್ವಿಗೆ ಬರುವುದಿದೆ. ಅರ್ಜಿ ಹಾಕಿ ಆ ಫೈಲು ನೋಡುತ್ತೇನೆ.

ವೆಂಕೋಬ


ಹುಣಸಿದಿನ್ನಿ
4 ಜನವರಿ 1982

ವೆಂಕೋಬಾ,

ನಿನ್ನ ಮಾಮನ ಮೇಲೆ ನಿನಗೂ ಅನುಮಾನ ಬಂತಲ್ಲ. ಅತ್ತೆ ಸತ್ತ ಮೇಲೆ ಈ ಮನುಷ್ಯ ಆ ಗಿರಣಿಯ ಅಕ್ಕಿ ಮುಟ್ಟಿಲ್ಲ. ಜೋಳ ಮುಗಿದ ದಿನ ಬರೀ ಹೊಟ್ಟೆಯಲ್ಲಿ ಮಲಗಿದ್ದಾರೆ.

ಮಾನ್ವಿಗೆ ಬಂದವನು ಮನೆಗೆ ಬರಲಿಲ್ಲ. ಫೈಲು ನೋಡಿದೆಯೋ ಇಲ್ಲವೋ ಬರೆಯಲೂ ಇಲ್ಲ. ಯಾಕೆ?

ಹೋದ ಶುಕ್ರವಾರ ಓಣಿಯ ನಾಲ್ಕೈದು ಮಂದಿ ಮಾನ್ವಿಗೆ ಹೋಗಿ ಕುತುಬುದ್ದೀನ್ ಅವರ ಮೇಜು ಒದ್ದು ಕೆಡವಿದ್ದಾರೆ. ದೌತಿ ಒಡೆದು ಪೈಜಾಮವೆಲ್ಲ ಮಸಿ. ಆ ಮೇಜಿನ ಹತ್ತಿರ ಈಗ ನಮ್ಮವರಾರೂ ಹೋಗುವುದಿಲ್ಲ. ಮರುದಿನ ಅವರು ಹೆಂಡತಿ ಸುಗ್ರಾ ಬೇಗಂ ಅವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಇವರು ಕೆಲಸಕ್ಕೆ ಹೋಗಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಬಾಯೀ, ನನ್ನ ಅಕ್ಷರ ಇಡೀ ತಾಲೂಕಿಗೆ ಗೊತ್ತು. ಆ ಕಾಗದ ನನ್ನ ಅಕ್ಷರದಾಗ ಅದ ಏನು, ಹೋಗಿ ನೋಡ್ರಿ ಅನ್ರಿ ಎಲ್ಲಾರಿಗೂ" ಅಂದರು. "ಗಿರಣಿಗೆ ಹೋಗಿದ್ದು ಎಮ್ಮಿಗೆ ತೌಡು ತರಾಕ. ತೌಡು ಎಲ್ಲಿ ಸಿಗತದ ಮತ್ತ?"

ಸುಗ್ರಾ ಬೇಗಂ ನನ್ನನ್ನೇ ನೋಡುತ್ತ ನಿಂತಿದ್ದರು.

ಆದೆಮ್ಮ


ರಾಯಚೂರು
9 ಜನವರಿ 1982

ಅಕ್ಕಾ,

ಓದಿದ ಕೂಡಲೇ ಈ ಪತ್ರವನ್ನು ಒಲೆಗೆ ಹಾಕು.

ಫೈಲು ನೋಡಿದೆ, ಡಿಸೆಂಬರ್ ಇಪ್ಪತ್ತೆರಡಕ್ಕೆ. ಹಾಳೆಯ ಮೇಲೆ ಅಕ್ಷರ ತಿದ್ದಿ ತಿದ್ದಿ ಬರೆದಿತ್ತು, ಬೇರೆಯವರದು ಅನ್ನಿಸಲಿ ಎಂದು. ಆದರೆ ನನಗೆ ಅ ಆ ಕಲಿಸಿದವಳು ನೀನು. ಹೆಬ್ಬೆಟ್ಟೂ ಸಣ್ಣದು. ಕಲ್ಲು ಹೊತ್ತ ಗಂಡಸಿನದು ಅಷ್ಟು ನುಣುಪಾಗಿ ಇರುವುದಿಲ್ಲ. ನಿನ್ನ ಮುಖ ನೋಡುವ ಧೈರ್ಯವಾಗದೆ ಸಂಜೆಯ ಬಸ್ಸಿಗೆ ತಿರುಗಿ ಬಂದೆ.

ಈಗ ಬುದ್ಧಿಯಿಂದ ಇರು. ಇಪ್ಪತ್ತನೇ ತಾರೀಖು ಅರ್ಜಿ ಒಪ್ಪಿಕೊಂಡು ಮಾಮನನ್ನು ಬಿಡುತ್ತಾರೆ. ನೌಕರಿಗೆ ಹೋಗುತ್ತಾರೆ. ಕುತುಬುದ್ದೀನನ ಮೇಲಿನ ಮಾತು ಹತ್ತು ದಿನಕ್ಕೆ ತಣ್ಣಗಾಗುತ್ತದೆ. ಅವನಿಗೇನು, ಬೇರೆ ಊರಿನ ಗಿರಾಕಿಗಳು ಇದ್ದಾರೆ. ನೀನು ಬಾಯಿ ಬಿಟ್ಟರೆ ಖೊಟ್ಟಿ ಕಾಗದದ ಕೇಸು ನಿನ್ನ ಮೇಲೆ. ಎಡಗೈ ಎಂದು ಬರೆದವನು ನಾನು, ಆ ಪತ್ರ ಯಾರಿಗಾದರೂ ಸಿಕ್ಕರೆ ನನ್ನ ಗತಿಯೂ ಮುಗಿಯಿತು. ಅದನ್ನೂ ಸುಟ್ಟುಬಿಡು.

ವೆಂಕೋಬ


ಹುಣಸಿದಿನ್ನಿ
22 ಜನವರಿ 1982

ವೆಂಕೋಬಾ,

ನಿನ್ನ ಎರಡೂ ಪತ್ರ ಸುಟ್ಟೆ. ಆದರೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಹೌದು, ನಾನೇ. ನವೆಂಬರ್ ಮೂವತ್ತನೇ ತಾರೀಖು ಕುತುಬುದ್ದೀನ್ ಅವರಿಗೆ ಜ್ವರ ಬಂದಿತ್ತು. ಕಾಗದದ ಕಟ್ಟನ್ನು ನನ್ನ ಕೈಗೆ ಕೊಟ್ಟು ವಕೀಲರಿಗೆ ಮುಟ್ಟಿಸಿ ಎಂದಿದ್ದರು. ಬಾಲವಾಡಿಯ ಮಕ್ಕಳನ್ನು ಮನೆಗೆ ಕಳಿಸಿ, ಒಳಗಿನಿಂದ ಚಿಲಕ ಹಾಕಿಕೊಂಡು ಬರೆದೆ. ಎಡಗೈ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕೆಳಗೆ ಒತ್ತಿದೆ. ಕಟ್ಟಿನೊಳಗೆ ಸೇರಿಸಿ ವಕೀಲರಿಗೆ ಮುಟ್ಟಿಸಿದೆ.

ಕುತುಬುದ್ದೀನ್ ಅವರು ಮನೆಗೆ ಬಂದಾಗ ಇನ್ನೊಂದು ಮಾತು ಹೇಳಿದ್ದರು. ನಿನಗೆ ಬರೆದಿರಲಿಲ್ಲ. "ಕಟ್ಟು ನಾ ನಿಮ್ಮ ಕೈಯಾಗ ಕೊಟ್ಟಿದ್ದೆ, ಬಾಯೀ. ಇದನ್ನ ನಾ ಯಾರ ಮುಂದೂ ಅಂದಿಲ್ಲ, ಅನ್ನಂಗೂ ಇಲ್ಲ" ಅಂದರು. ಮೇಜು ಒದೆಸಿಕೊಂಡ ಮನುಷ್ಯ! ಅದರ ಮೇಲೆ ನೀನು 'ಅವನಿಗೇನು' ಎಂದು ಬರೆದೆ.

ಹದಿನೇಳರ ಸಂಜೆ ರೊಟ್ಟಿ ಬಡಿಯುತ್ತ ಇವರಿಗೆ ಹೇಳಿಬಿಟ್ಟೆ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ.

"ಯಾವ ಕೈ?" ಅಂದರು.

ಎಡಗೈ ತೋರಿಸಿದೆ. ಹೆಬ್ಬೆಟ್ಟು ಹಿಡಿದು ಬಹಳ ಹೊತ್ತು ನೋಡಿದರು.

"ಎಡಗೈ ಅಂತ ಹೇಳಿದವರ್ಯಾರು?"

ನಿನ್ನ ಹೆಸರು ಹೇಳಿದೆ. ಕೈ ಬಿಟ್ಟು ಹೊರಗೆ ಹೋದರು. ಮೂರು ದಿನ ನಾನು ಬಡಿಸಿದ್ದನ್ನು ಉಂಡರು, ನನ್ನ ಜೊತೆ ಮಾತಾಡಲಿಲ್ಲ. ಪೇಶಿಯ ದಿನ ಇವರು ಏನು ಹೇಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಹೆಂಡತಿ ಒತ್ತಿದಳು ಎಂದರೆ ನನ್ನನ್ನು ಅಲ್ಲಿಂದಲೇ ಒಯ್ಯುತ್ತಾರೆ ಎಂದು ಒಂದು ಸೀರೆ ಚೀಲಕ್ಕೆ ಹಾಕಿಕೊಂಡು ಹೋಗಿದ್ದೆ.

ಮ್ಯಾಜಿಸ್ಟ್ರೇಟರು ಕನ್ನಡದಲ್ಲೇ ಕೇಳಿದರು. ಈ ಅರ್ಜಿ ನಿನ್ನದೇನಪ್ಪ, ಹೆಬ್ಬೆಟ್ಟು ನಿನ್ನದೇನು?

ಕೋರ್ಟಿನಲ್ಲಿ ಕುತುಬುದ್ದೀನ್ ಇದ್ದರು, ಓಣಿಯವರಿದ್ದರು, ಗಿರಣಿಯ ಮುನೀಮನಿದ್ದ.

"ನಂದೇರಿ ಸ್ವಾಮಿ. ನಾನೇ ಒತ್ತೀನಿ" ಅಂದರು ಇವರು. "ಆದ್ರ ವಾಪಸ್ ತಗೊಳ್ತೀನಿ. ಅಂಜಿ ಒತ್ತಿದ್ದು. ಮನಸಿನಿಂದ ಒತ್ತಿದ್ದಲ್ಲ."

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. ಕೆಟ್ಟವರೇನಲ್ಲ ಅವರು. ಹಿಂತೆಗೆದುಕೊಂಡರೆ ಶಿಕ್ಷೆ ಆಗುತ್ತದೆ, ಗೊತ್ತಿದೆಯಾ ಎಂದು ಎರಡು ಸಲ ಕೇಳಿದರು. ಕೋರ್ಟು ಸಾಹುಕಾರನ ಪಡಸಾಲೆ ಅಂದದ್ದಕ್ಕಾದರೂ ಪಶ್ಚಾತ್ತಾಪ ಇದೆಯಾ ಅಂದರು.

"ಗೋಡಿ ಇನ್ನೂ ನಿಂತದರೀ" ಅಂದರು ಇವರು.

ಹದಿನೈದು ದಿನ ಸಾದಾ ಸಜೆ. ರಾಯಚೂರು ಜೈಲಿಗೆ ಒಯ್ದರು. ಜೀಪು ಹತ್ತುವಾಗ ಓಣಿಯವರೆಲ್ಲ ಸುತ್ತ ನಿಂತರು, ಅಮರಮ್ಮ ಅತ್ತಳು. ಇವರು ಎಲ್ಲರ ಮುಖ ನೋಡಿದರು, ನನ್ನದೊಂದು ಬಿಟ್ಟು.

ಹೋಗಿ ನೋಡಿ ಬಾ. ನನಗೆ ಬರಬೇಡ ಎಂದಿದ್ದಾರೆ.

ಆದೆಮ್ಮ


ರಾಯಚೂರು
31 ಜನವರಿ 1982

ಅಕ್ಕಾ,

ಇವತ್ತು ಮಾಮನನ್ನು ನೋಡಿದೆ. ಕಂಬಿಯ ಆಚೆ ಅವರು, ಈಚೆ ನಾನು. ಸೊರಗಿಲ್ಲ. ನಾನು ಒಯ್ದ ಬಾಳೆಹಣ್ಣನ್ನು ಪಕ್ಕದವರಿಗೆ ಕೊಟ್ಟರು, ತಾವು ತಿನ್ನಲಿಲ್ಲ.

"ನೌಕರಿ ಕೈಬಿಟ್ಟಿರಲ್ಲ ಮಾಮ. ನನ್ನ ಹೆಬ್ಬೆಟ್ಟು ಅಲ್ಲ ಅಂದಿದ್ರ ಮಾನನೂ ಉಳೀತಿತ್ತು" ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

"ಅಲ್ಲ ಅಂದ್ರ ಆಕಿ ಈ ಕಂಬಿ ಹಿಂದ ಇರತಿದ್ಲು. ಇಲ್ಲಾ ಕುತುಬುದ್ದೀನ" ಅಂದರು. "ನಂದು ಅಂದಮ್ಯಾಲೆ ವಾಪಸ್ ತಗೊಳಾಕ ನನಗ ಹಕ್ಕದ. ಇಷ್ಟು ಕಾಯ್ದಿ ನಿನಗ ತಿಳೀಲಿಲ್ಲೇನು, ವಕೀಲರ ಮನ್ಯಾಗಿದ್ದು?"

ನಿನಗೆ ಏನಾದರೂ ಹೇಳಲೇ ಎಂದು ಕೇಳಿದೆ.

"ಜೈಲಿಗೆ ಬಂದದ್ದಕ್ಕ ನನಗ ಸಿಟ್ಟಿಲ್ಲ. ಒಂದೂವರಿ ತಿಂಗಳು ಆಕಿ ನನ್ನ ಎದುರಿಗೆ ಕೂತು, ಯಾರು ಒತ್ತ್ಯಾರಂತ ನನ್ನ ಜೋಡಿ ಹುಡುಕಿದ್ಲು. ಅದು ಹೆಂಗ ಮರೀಲೋ?"

ಏಳುವಾಗ, "ಕುತುಬುದ್ದೀನನ ಮ್ಯಾಲ ಮೊದ್ಲ ಸಂಶೇ ಪಟ್ಟಾಂವ ನೀನಂತ. ಮೊದ್ಲ ಅವನ ಹತ್ರ ಹೋಗಿ ಬಾ, ಆಮ್ಯಾಲೆ ನನ್ನ ನೋಡಾಕ ಬಾ" ಅಂದರು. ಮುಂದಿನ ಭಾನುವಾರ ಮಾನ್ವಿಗೆ ಬರುತ್ತೇನೆ ಅಕ್ಕಾ, ಖಂಡಿತ.

ವೆಂಕೋಬ


ಹುಣಸಿದಿನ್ನಿ
16 ಮಾರ್ಚ್ 1982

ವೆಂಕೋಬಾ,

ಭಾನುವಾರ ಬರುತ್ತೇನೆ ಅಂದೆ. ಆರು ಭಾನುವಾರ ಕಳೆದವು.

ನಿನ್ನ ದಾರಿ ಕಾಯದೆ ನಾನೇ ಹೋದೆ. ಸಂತೆಯ ದಿನ, ಜನ ತುಂಬಿದ್ದ ಹೊತ್ತಿನಲ್ಲಿ, ಕುತುಬುದ್ದೀನ್ ಅವರ ಮೇಜಿನ ಮುಂದೆ ನಿಂತು, "ತಪ್ಪು ನಂದು, ಇವರದಲ್ಲ" ಎಂದು ಗಟ್ಟಿಯಾಗಿ ಹೇಳಿದೆ. ನಮ್ಮ ಓಣಿಯವರೂ ಇದ್ದರು. ಯಾವ ತಪ್ಪು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ತಿಳಿಯಿತು. ಕುತುಬುದ್ದೀನ್ ಎದ್ದು ನಿಂತು, "ಆತು ಬಾಯೀ, ಮನಿಗೆ ಹೋಗ್ರಿ, ಬಿಸಲದ" ಅಂದರು. ಸುಗ್ರಾ ಬೇಗಂ ಬುತ್ತಿ ತಂದಿದ್ದರು. ಅವರಿಗೂ ಕೈಮುಗಿದೆ. ಅವರು ಮುಖ ತಿರುಗಿಸಿಕೊಂಡರು. ಅದು ಅವರ ಹಕ್ಕು.

ದೇವದುರ್ಗದಿಂದ ಕಾಗದ ಬಂದಿದೆ, ಆರ್ಡರು ರದ್ದಾಗಿದೆ. ನಿನ್ನ ಮಾಮ ಮತ್ತೆ ಕಲ್ಲು ಹೊರಲು ಹೋಗುತ್ತಾರೆ. ಈಗ ನನ್ನ ಜೊತೆ ಮಾತಾಡುತ್ತಾರೆ. ಉಪ್ಪು ಇದೆಯೇ, ಕಟ್ಟಿಗೆ ಇದೆಯೇ ಎಂದು ಕೇಳುತ್ತಾರೆ. ಜೈಲಿನಿಂದ ಬಂದಾಗ ಓಣಿಯವರು ಹೆಗಲ ಮೇಲೆ ಎತ್ತಿಕೊಳ್ಳಲು ಹೋದರು, ಬೇಡ ಎಂದು ನಡೆದೇ ಬಂದರು.

ನಿನ್ನೆ ದಾವೆಯ ಹುಕುಂ ಆಯಿತು. ಹೋದ ತಿಂಗಳು ಕೋರ್ಟಿನವರು ಸ್ಥಳಕ್ಕೆ ಬಂದು ಅಳೆದು ಹೋಗಿದ್ದರು, ಅದರ ಮೇಲೆ ಗೋಡೆ ಒಡೆದು ದಾರಿ ಬಿಡಬೇಕೆಂದು ತೀರ್ಪು. ಇವತ್ತು ಆ ಕಾಗದ ಇವರ ಕೈಗೆ ಬಂತು. ನಾನು ಬಾಗಿಲಲ್ಲೇ ನಿಂತಿದ್ದೆ. ನನಗೆ ಕೊಡದೆ ಕಾಗದ ಹಿಡಿದುಕೊಂಡು ಮಾನ್ವಿಗೆ ನಡೆದರು. ಕುತುಬುದ್ದೀನ್ ಅವರಿಂದ ಓದಿಸಿಕೊಂಡು ಬಂದು, ಓಣಿಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಹೇಳಿದರು. ಅಮರಮ್ಮ ನನ್ನನ್ನು ತಬ್ಬಿಕೊಂಡಳು.

ಒಳಗೆ ಬಂದ ಮೇಲೆ, "ನಾನೂ ಒಂದ್ಸಲ ಓದತೀನಿ, ಕೊಡ್ರಿ" ಎಂದು ಕೈ ಚಾಚಿದೆ.

"ಓದಿಸ್ಕೊಂಡು ಬಂದೀನಿ" ಅಂದರು. ಕಾಗದ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಊಟಕ್ಕೆ ಕೂತರು. ನಾನು ಬಡಿಸಿದೆ.

ಇನ್ನು ಮುಂದೆ ಮನೆಗೆ ಬರುವ ಯಾವ ಕಾಗದವನ್ನೂ ನನ್ನ ಕೈಗೆ ಕೊಡಬಾರದೆಂದು ಅಂಚೆಯವನಿಗೆ ಹೇಳಿದ್ದಾರೆ. ನಿನ್ನ ಪತ್ರಗಳೂ ಮೊದಲು ಕುತುಬುದ್ದೀನ್ ಅವರ ಮೇಜಿಗೆ ಹೋಗುತ್ತವೆ. ಎಲ್ಲರೆದುರು ಓದಬಹುದಾದದ್ದನ್ನು ಮಾತ್ರ ಬರೆ.

ಆದೆಮ್ಮ